‘ಯಿಸು’ ಎಲ್ಲಿಂದ ಬಂತು?

ಜೂನ್ 3, ಮಂಗಳವಾರ. ಮಧ್ಯಾಹ್ನ

ಮತ್ತೆ ಚಿಕ್ಕಪ್ಪನ ಫ್ಲೆಕ್ಸ್ ಅಂಗಡಿ. ಮತ್ತೆ ಎಸಿ ಕೆಟ್ಟಿದೆ. ಪ್ರಿಂಟಿಂಗ್ ಮೆಷಿನ್ನಿಗೆ ಮಾತ್ರ ಪ್ರತ್ಯೇಕ ಫ್ಯಾನು. ಮೆಷಿನ್ ಬಿಸಿಯಾದರೆ ಕೆಡುತ್ತದಂತೆ. ಅಣ್ಣನ ಮಗಳು ಬಿಸಿಯಾದರೆ ಏನೂ ಆಗುವುದಿಲ್ಲ.

ಬೆಳಗ್ಗೆಯಿಂದ ಟೈಪ್ ಮಾಡಿದ್ದು: ಹಲ್ಲಿನ ಕ್ಲಿನಿಕ್ಕಿನ ಬೋರ್ಡು, ಕಾಣೆಯಾದ ನಾಯಿ, ‘ಇಲ್ಲಿ ವಾಹನ ನಿಲ್ಲಿಸಬೇಡಿ’. ಗಣಿತದಲ್ಲಿ ಎಂಎಸ್ಸಿ, ಮೇಲೊಂದು ಬಿಎಡ್. ಘಟಿಕೋತ್ಸವದ ಫೋಟೋ ಅಮ್ಮ ಫ್ರಿಜ್ ಮೇಲೆ ಇಟ್ಟಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ಕಪ್ಪು ಗೌನಿನ ನಾನು ಈ ನನ್ನನ್ನು ನೋಡುತ್ತೇನೆ. ಮುಂದೇನು ಅನ್ನುವ ಹಾಗೆ.

ಚರ್ಚಿನ ಶಾಲೆಯಲ್ಲಿ ಗಣಿತದ ಟೀಚರ್ ಕೆಲಸ ಒಂದೇ ಒಂದು ಖಾಲಿ. ಇಂಟರ್‌ವ್ಯೂಗೆ ಕರೆದದ್ದು ಇಬ್ಬರನ್ನು — ನನ್ನನ್ನು ಮತ್ತು ಟಾಪರ್‌ಳನ್ನು. (ಟಾಪರ್ ಅಂದರೆ ಕ್ಲಾಸ್‌ಮೇಟ್. ಕ್ವಾಯರಿನಲ್ಲಿ ಪಕ್ಕದ ಕುರ್ಚಿ. ಒಳ್ಳೆಯವಳು. ಅಂದುಕೊಂಡಿದ್ದೇನೆ.) ಆಮೇಲೆ ಸುದ್ದಿಯೇ ಇಲ್ಲ. ಈ ಸಲ ಮಕ್ಕಳು ಕಡಿಮೆ ಸೇರಿದ್ದಾರಂತೆ. ಕೆಲಸ ಇರುತ್ತದೋ ಇಲ್ಲವೋ ಹೇಳಲಾಗದಂತೆ. ಈ ‘ಅಂತೆ’ಗಳ ಹಿಂದೆ ಏನೋ ಇದೆ. ಶಾಲೆಯನ್ನು ನೋಡಿಕೊಳ್ಳುವುದು ಚರ್ಚಿನ ಸೆಕ್ರೆಟರಿ ಅಂಕಲ್. ಭಾನುವಾರ ಕೈಕುಲುಕಿ “ಪ್ರಾರ್ಥನೆ ಮಾಡಮ್ಮಾ” ಅಂದರು. ಕೆಲಸ ಕೊಡಬೇಕಾದವರೇ ಪ್ರಾರ್ಥನೆ ಮಾಡು ಅಂದರೆ ಏನು ತಿಳಿಯಬೇಕು?

ಅಪ್ಪನ ಲಾರಿಯೂ ಶನಿವಾರ ಬರಬೇಕಿತ್ತು. ಬಂದಿಲ್ಲ. ಅಮ್ಮನದು ಅದೇ ಹಳೇ ಮಾತು. “ನಿಮ್ಮಪ್ಪ ಕಾಯಿಸ್ತಾರೆ, ಆದ್ರೆ ಬರ್ತಾರೆ. ಬರೋರು ಮಾತ್ರ ಕಣೇ ಕಾಯಿಸೋದು. ಬರೋದೇ ಇಲ್ಲ ಅನ್ನೋರಿಗೆ ಯಾರು ಕಾಯ್ತಾರೆ?” ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನಮ್ಮ ಮನೆಯ ಗಡಿಯಾರದ ಸದ್ದಿನಂತೆ, ಈಗ ಕಿವಿಗೇ ಬೀಳುವುದಿಲ್ಲ.

ಜೂನ್ 5, ಗುರುವಾರ. ಸಂಜೆ

ಅಯ್ಯನವರು ಅಂಗಡಿಗೆ ಬಂದಿದ್ದರು. ಪಾಸ್ಟರ್ ಅಂದರೆ ಅವರಿಗೆ ಇಷ್ಟವಿಲ್ಲ, ಅಯ್ಯನವರು ಅಂದರೆ ಸಾಕು. ಭಾನುವಾರ ‘ಹೊಸ ಪದವೀಧರರಿಗಾಗಿ ಆರಾಧನೆ’. ವೇದಿಕೆಯ ಹಿಂದೆ ಒಂದು ದೊಡ್ಡ ಬ್ಯಾನರ್ ಬೇಕು. ಸಾಲು ಕಮಿಟಿಯೇ ಆರಿಸಿದೆ, ಕರ್ತನು ನಿಮ್ಮನ್ನು ಕಾಯುವನು.

ಅಂದರೆ ನನ್ನ ಸನ್ಮಾನದ ಬ್ಯಾನರನ್ನು ನಾನೇ ಮಾಡಬೇಕು. ಆಹಾ.

ಟೈಪ್ ಮಾಡುತ್ತಿದ್ದಾಗಲೇ ಶಾಲೆಯ ಆಫೀಸಿನಿಂದ ಫೋನ್. ಫೋನ್ ಭುಜಕ್ಕೂ ಕಿವಿಗೂ ನಡುವೆ, ಬೆರಳು ಕೀಬೋರ್ಡಿನ ಮೇಲೆ. ಕ್ಲರ್ಕ್ ಹೇಳಿದ್ದು, “ಇನ್ನೂ ಏನೂ ತೀರ್ಮಾನ ಆಗಿಲ್ಲ ಮೇಡಂ, ಸ್ವಲ್ಪ ಕಾಯಬೇಕು.” ಇನ್ನೂ ಎಷ್ಟು ದಿನ ಕಾಯಿಸುತ್ತೀರಿ ಎಂದು ಕೇಳಬೇಕೆನಿಸಿತು. ನುಂಗಿಕೊಂಡೆ. “ಆಯ್ತು ಸರ್” ಅಂದೆ. ಏನೂ ಆಗಿಲ್ಲ ಎಂದು ಹೇಳುವುದಕ್ಕೆ ಯಾರಾದರೂ ಫೋನ್ ಮಾಡುತ್ತಾರಾ? ನಾನು ಬೇರೆ ಎಲ್ಲಾದರೂ ಸೇರಿಕೊಂಡೆನಾ ಎಂದು ಮೂಸಿ ನೋಡಿದ್ದು.

ಅಷ್ಟರಲ್ಲಿ ಟಾಪರ್ ಬಂದಳು. “ಒಂದೇ ಒಂದು ಮೇಲ್ ಕಳಿಸ್ಬೇಕು ಕಣೇ, ನಮ್ಮನೇಲಿ ನೆಟ್ ಇಲ್ಲ.” ಕಂಪ್ಯೂಟರ್ ಬಿಟ್ಟುಕೊಟ್ಟು ಟೀ ತರಲು ಹೋದೆ. ವಾಪಸು ಬಂದಾಗ ಸರಕ್ಕನೆ ವಿಂಡೋ ಮುಚ್ಚಿದಳು. ಕಿವಿ ಕೆಂಪಾಗಿತ್ತು. ಯಾರಿಗೆ ಮೇಲ್? ಕೇಳಲಿಲ್ಲ. ನೆನಪಿಟ್ಟುಕೊಂಡಿದ್ದೇನೆ.

ಜೂನ್ 7, ಶನಿವಾರ

ಅಯ್ಯನವರು ಪ್ರೂಫ್ ನೋಡಲು ಖುದ್ದಾಗಿ ಬಂದರು. ಫೋನಿನಲ್ಲಿ ಕಳಿಸುತ್ತೇನೆ ಅಂದರೂ ಕೇಳಲಿಲ್ಲ. ಸ್ಕ್ರೀನಿನ ಮುಂದೆ ನಿಂತವರು ನಿಂತೇ ಇದ್ದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಗಮನವೆಲ್ಲ ಹಿನ್ನೆಲೆಯ ನೀಲಿ ಬಣ್ಣದ ಮೇಲೆ. ಸ್ವಲ್ಪ ಗಾಢವಾಯಿತೇನೋ ಎಂದು ನನಗೂ ಅನುಮಾನವಿತ್ತು.

“ಇದೇನಾ ಮಗಳೇ, ಇರಬೇಕಾದ್ದು?”

“ಹೌದು ಅಯ್ಯನವರೇ.”

“ಯೋಚನೆ ಮಾಡಿ ಮಾಡಿದ್ದಾ?”

“ತುಂಬಾ ಯೋಚನೆ ಮಾಡಿದೀನಿ. ಬೇರೇದು ಹಾಕಿದ್ರೆ ಕಣ್ಣಿಗೆ ಹೊಡೆಯುತ್ತೆ.”

“ಇದು ಹೊಡೆಯಲ್ವಾ?” ಅಂದರು. ಆಮೇಲೆ, “ಸರಿ ಬಿಡು. ಇರ್ಲಿ” ಎಂದು ಪ್ರಿಂಟ್ ತೆಗೆದ ಹಾಳೆಯ ಮೇಲೆ ‘ಓಕೆ’ ಬರೆದು ಸಹಿ ಹಾಕಿದರು. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. ಒಂದು ನೀಲಿ ಬಣ್ಣಕ್ಕೆ ಇಷ್ಟೆಲ್ಲ ಯಾಕೆ?

ಮನೆಗೆ ಬಂದರೆ ಸಿಂಕಿನ ಪಕ್ಕ ಹೂವಿನ ಕಪ್ಪುಗಳು ಬೋರಲಾಗಿವೆ. ನೆಂಟರು ಬಂದಾಗ ಮಾತ್ರ ಹೊರಬರುವ ಕಪ್ಪುಗಳು.

“ಯಾರು ಬಂದಿದ್ರು?”

“ಯಾರೂ ಇಲ್ಲ. ಧೂಳು ಕೂತಿತ್ತು, ತೊಳೆದೆ.”

ಧೂಳು ಎರಡೇ ಕಪ್ಪಿನ ಮೇಲೆ ಕೂತಿತ್ತಾ? ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಸೆರಗಿನಿಂದ ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಾಳೆ.

ಜೂನ್ 8, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪದವೀಧರರೆಲ್ಲ ಸಾಲಾಗಿ ಒಳಗೆ ಹೋದೆವು. ಮುಂದಿನ ಬೆಂಚಿನಲ್ಲಿ ಒಂದು ಮಗು ಜೋರಾಗಿ ಓದಿತು. ಓದಲು ಹೊಸದಾಗಿ ಕಲಿತಿರಬೇಕು, ಒಂದೊಂದೇ ಅಕ್ಷರ. “ಕರ್-ತ-ನು... ನಿಮ್-ಮನ್-ನು... ಕಾ-ಯಿ-ಸು-ವ-ನು.”

ತಲೆ ಎತ್ತಿದೆ. ನೀಲಿ ಆಕಾಶ, ಬಿಳಿ ಅಕ್ಷರ, ಆಳೆತ್ತರ. ಕರ್ತನು ನಿಮ್ಮನ್ನು ಕಾಯಿಸುವನು.

ಮೊದಲು ಪಿಸುಪಿಸು. ಆಮೇಲೆ ಯಾರೋ ಕೆಮ್ಮಿದ ಹಾಗೆ ನಕ್ಕರು. ಆಮೇಲೆ ಇಡೀ ಚರ್ಚು. ಸೆಕ್ರೆಟರಿ ಅಂಕಲ್ ಮಾತ್ರ ನಗಲಿಲ್ಲ. ಮುಖ ಸುಟ್ಟ ಬದನೆಕಾಯಿ. ಎದ್ದು ಬ್ಯಾನರ್ ಇಳಿಸಲು ಹೊರಟರು. ಅಯ್ಯನವರು ತಡೆದರು. “ಕೂತ್ಕೊಳ್ಳಿ. ಅದು ಅಲ್ಲೇ ಇರ್ಲಿ.”

ಅಯ್ಯನವರ ಪ್ರಸಂಗ ಪೂರ್ತಿ ಅದರ ಮೇಲೆಯೇ. “ಪ್ರತಿ ವರ್ಷ ಈ ಮಕ್ಕಳಿಗೆ ಸಿಹಿ ಮಾತು ಹೇಳಿ, ಒಂದು ಪೆನ್ನು ಕೊಟ್ಟು ಕಳಿಸ್ತೀವಿ. ಈ ವರ್ಷ ಸತ್ಯ ಹೇಳೋಣ. ಮಕ್ಕಳೇ, ಕಾಯಬೇಕಾಗುತ್ತೆ. ಕೆಲಸಕ್ಕೆ ಕಾಯಬೇಕು, ಫೋನಿಗೆ ಕಾಯಬೇಕು. ‘ಏನ್ ಮಾಡ್ತಿದೀಯಾ ಈಗ’ ಅಂತ ಕೇಳೋರ ಮುಂದೆ ತಲೆ ಬಗ್ಗಿಸ್ಕೊಂಡು ಕಾಯಬೇಕು. ಆದ್ರೆ ನಮ್ಮ ಭಾಷೆ ನೋಡಿ. ದಾರಿ ನೋಡೋದಕ್ಕೂ ಕಾಯೋದು ಅಂತೀವಿ, ಕಾಪಾಡೋದಕ್ಕೂ ಕಾಯೋದು ಅಂತೀವಿ. ಕುರಿ ಕಾಯೋನು ಎರಡನ್ನೂ ಮಾಡ್ತಾನೆ. ನೀವು ಕಾಯ್ತಾ ಕೂತಿರೋ ಹೊತ್ತಲ್ಲೇ ಅವನು ನಿಮ್ಮನ್ನ ಕಾಯ್ತಿರ್ತಾನೆ.” ಆಮೇಲೆ ಬ್ಯಾನರಿನ ಕಡೆ ತಿರುಗಿ, “‘ಕಾ’ ಮತ್ತೆ ‘ವನು’ ಮಧ್ಯೆ ಯಾರು ಬಂದು ಕೂತಿದ್ದಾರೆ ನೋಡಿ. ‘ಯಿಸು’! ಕಾಗುಣಿತ ತಪ್ಪಿರಬಹುದು, ಆಸಾಮಿ ಯಾರು ಅಂತ ಗುರುತು ಸಿಗುತ್ತೆ.” ಚರ್ಚು ಮತ್ತೆ ನಕ್ಕಿತು. ಈ ಸಲ ಬೇರೆ ಥರ. ಪಕ್ಕದಲ್ಲಿ ಟಾಪರ್ ಅಳುತ್ತಿದ್ದಳು.

ಕೊನೆಗೆ ಅಯ್ಯನವರು ಹೇಳಿದರು. “ಬರೋರು ಮಾತ್ರ ಕಾಯಿಸೋದು. ಬರೋದೇ ಇಲ್ಲ ಅನ್ನೋರಿಗೆ ಯಾರು ಕಾಯ್ತಾರೆ?”

ಅದು ಅಮ್ಮನ ಮಾತು. ಅಕ್ಷರ ಅಕ್ಷರ ಅಮ್ಮನದು. ಹಿಂದೆ ತಿರುಗಿ ನೋಡಿದೆ. ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

ಜೂನ್ 9, ಸೋಮವಾರ

ಲೆಕ್ಕ ಓದಿದವಳು. ಲೆಕ್ಕ ಹಾಕೋಣ.

‘ಕಾಯುವನು’ ಹೋಗಿ ‘ಕಾಯಿಸುವನು’ ಆಗಬೇಕಾದರೆ ‘ಯು’ ತೆಗೆದು ‘ಯಿ’ ಹಾಕಬೇಕು, ಆಮೇಲೆ ‘ಸು’ ಸೇರಿಸಬೇಕು. ಇದು ಬೆರಳು ಜಾರಿದ್ದಲ್ಲ, ತಲೆ ಓಡಿಸಿದ್ದು. ಯಾರೋ ಕೂತು ಮಾಡಿದ್ದು. ನಾನು ಸರಿಯಾಗಿಯೇ ಟೈಪ್ ಮಾಡಿದ್ದೆ. ಬೈಬಲ್ ಮೇಲೆ ಕೈ ಇಟ್ಟು ಹೇಳಬಲ್ಲೆ.

ಚಿಕ್ಕಪ್ಪ? ಕೇಳಿದೆ. “ನಾನು ಬಣ್ಣ ನೋಡೋನು ಕಣಮ್ಮಾ, ಅಕ್ಷರ ನೋಡೋನಲ್ಲ. ಹೋದ್ ವರ್ಷ ‘ಶುಭ ವಿವಾಹ’ ಬದಲು ‘ಶುಭ ವಿರಹ’ ಅಂತ ಪ್ರಿಂಟ್ ಹೊಡ್ದೆ, ನೆನಪಿಲ್ವಾ?” ನೆನಪಿದೆ. ಚಿಕ್ಕಪ್ಪನನ್ನು ಬಿಡಬಹುದು.

ಅಯ್ಯನವರು? ಪ್ರೂಫ್ ನೋಡಿದ್ದಾರೆ, ಓಕೆ ಅಂದಿದ್ದಾರೆ. ಪ್ರಸಂಗ ಮೊದಲೇ ತಯಾರಿತ್ತು. ಬೈಬಲ್ಲಿನೊಳಗೆ ಕೈಬರಹದ ಹಾಳೆಗಳಿದ್ದವು, ನಾವು ಕೂತಿದ್ದ ಕಡೆಯಿಂದ ಕಂಡಿತು. ಬ್ಯಾನರ್ ನೋಡಿ ಆ ಕ್ಷಣಕ್ಕೆ ಹೊಳೆದದ್ದಲ್ಲ. ಅಮ್ಮನೂ ಸೇರಿದ್ದಾಳೆ. ಎರಡು ಕಪ್ಪು. ಆದರೆ ಯಾಕೆ? ನನ್ನ ಮಾನ ತೆಗೆದು ಅವರಿಗೇನು ಲಾಭ?

ಟಾಪರ್? ಗುರುವಾರ ಕಂಪ್ಯೂಟರಿನ ಮುಂದೆ ಒಬ್ಬಳೇ ಇದ್ದಳು. ಇಬ್ಬರಲ್ಲಿ ಒಬ್ಬಳ ಹೆಸರು ಕೆಟ್ಟರೆ ಕೆಲಸ ಯಾರಿಗೆ?

ಸೆಕ್ರೆಟರಿ ಅಂಕಲ್ ಫೋನ್ ಮಾಡಿದ್ದರು. “ನೋಡಮ್ಮಾ, ದೇವರ ಮಾತನ್ನ ತಮಾಷೆ ಮಾಡೋರ ಕೈಗೆ ಮಕ್ಕಳನ್ನ ಹೇಗೆ ಕೊಡೋದು ಅಂತ ಕಮಿಟೀಲಿ ಕೇಳ್ತಿದ್ದಾರೆ. ಮುಂದಿನ ಭಾನುವಾರ ಬಂದು ನೀನೇ ಹೇಳು. ಶಾಲೆ ವಿಷಯ ಆಮೇಲೆ ನೋಡೋಣ.”

ಇದ್ದ ಒಂದೇ ಕೆಲಸ. ಅದಕ್ಕೂ ಕಲ್ಲು ಬಿತ್ತು.

ಜೂನ್ 10, ಮಂಗಳವಾರ

ಟಾಪರ್ ಮನೆಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ. “ಗುರುವಾರ ನನ್ನ ಫೈಲ್ ಮುಟ್ಟಿದ್ಯಾ?”

ಅವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿತು. “ನಾನಾ? ನಿಂಗಾ?” ಅಂದಳು. ಅಷ್ಟೇ. ಬಾಗಿಲು ಹಾಕಲಿಲ್ಲ, ಜಗಳವಾಡಲಿಲ್ಲ. ಒಳಗೆ ಹೋಗಿ ಬೆನ್ನು ಹಾಕಿ ನಿಂತಳು.

ತಪ್ಪಿಲ್ಲದವರು ಕೂಗಾಡುತ್ತಾರೆ ಅಲ್ಲವೇ? ಅಥವಾ ತಪ್ಪು ಮಾಡಿದವರು ಕೂಗಾಡುವುದೋ? ದಾರಿಯುದ್ದಕ್ಕೂ ಇದೇ.

ಜೂನ್ 14, ಶನಿವಾರ. ಬೆಳಿಗ್ಗೆ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಎಲ್ಲರ ಮೇಲೂ ಅನುಮಾನ. ಎದುರುಮನೆಯ ಟೈಲರ್ ಮೇಲೆ ಕೂಡ. “ಏನಮ್ಮಾ, ಕಾಯಿಸ್ತಿದಾನಾ ದೇವ್ರು?” ಅನ್ನುತ್ತಾನೆ, ಹಲ್ಲು ಕಿರಿಯುತ್ತಾನೆ. ಟೀ ಅಂಗಡಿಯವನದು ಇನ್ನೊಂದು, “ನಾನೂ ಹಾಲು ಕಾಯಿಸ್ತಿದೀನಿ ಮೇಡಂ, ಕೂತ್ಕೊಳ್ಳಿ.” ಊರಿಗೆಲ್ಲ ನಾನೇ ಜೋಕು.

ಪ್ರಾರ್ಥನೆಗೆ ಕೂತರೆ ಅಲ್ಲೂ ಅನುಮಾನವೇ. ಓದಿಸಿದೆ, ಪಾಸು ಮಾಡಿಸಿದೆ, ಈಗ ಬಾಗಿಲ ಮುಂದೆ ನಿಲ್ಲಿಸಿದ್ದೀಯ. ಒಳಗೆ ನಿಜವಾಗಿ ಯಾರಾದರೂ ಇದ್ದೀರಾ? ಹೀಗೆ ಕೇಳಿದ್ದು ಇದೇ ಮೊದಲು. ಕೇಳಿ ಭಯವಾಯಿತು. ಆಮೆನ್ ಅನ್ನದೆ ಎದ್ದೆ.

ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದೆ. “ಆ ಶನಿವಾರ ಅಯ್ಯನವರು ಬಂದಿದ್ರು ತಾನೆ?”

ಒಣಗಿದ ಕೈ, ಸೆರಗು. “ಬಂದಿದ್ರು.”

“ನನ್ನ ಬಗ್ಗೆ ಏನ್ ಹೇಳ್ದೆ?”

“ಏನೂ ಹೇಳ್ಲಿಲ್ಲ. ಅವರೇ ಕೇಳಿದ್ರು, ಮಗಳಿಗೆ ದೇವರ ಮೇಲೆ ಕೋಪಾನಾ ಅಂತ. ಗೊತ್ತಿಲ್ಲ ಅಯ್ಯನವರೇ, ಅನ್ನ ತಟ್ಟೇಲೇ ಬಿಡ್ತಾಳೆ ಅಂದೆ. ನೀವು ಹೇಗೆ ಕಾಯ್ತೀರಮ್ಮಾ, ಲಾರಿಯವರ ಹೆಂಡ್ತಿ, ಅಂತ ಕೇಳಿದ್ರು. ನಂಗೆ ಗೊತ್ತಿರೋದು ಹೇಳ್ದೆ. ನಿಂಗೆ ಹೇಳ್ಬೇಡಿ ಅಂದಿದ್ರು.”

ನನಗೆ ಯಾಕೆ ಹೇಳಬಾರದು? ಅಂದರೆ ಅವರೇ. ಬ್ಯಾನರ್ ಬದಲಾಯಿಸಿದ್ದು ಅಯ್ಯನವರೇ, ಅಥವಾ ಟಾಪರ್ ಮಾಡಿದ್ದನ್ನು ಕಂಡೂ ಬಿಟ್ಟರು. ನಾಳೆ ಕಮಿಟಿಯ ಮುಂದೆ ಇಬ್ಬರ ಹೆಸರನ್ನೂ ಹೇಳುತ್ತೇನೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡೆ.

ಜೂನ್ 15, ಭಾನುವಾರ

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಮುರಿದ ಹಾರ್ಮೋನಿಯಂ, ಮೂಲೆಯಲ್ಲಿ ಸುತ್ತಿಟ್ಟ ನನ್ನ ಬ್ಯಾನರ್. ಕಮಿಟಿಯವರೆಲ್ಲ ಇದ್ದರು. ಅಯ್ಯನವರು ಕಿಟಕಿಯ ಹತ್ತಿರ. ನಾನು ನಿಂತೇ ಇದ್ದೆ, ಇಬ್ಬರ ಹೆಸರೂ ನಾಲಿಗೆಯ ತುದಿಯಲ್ಲಿ.

ಸೆಕ್ರೆಟರಿ ಅಂಕಲ್ ಶುರುಮಾಡಿದರು. “ಮೊದಲು ಒಂದು ಹೇಳಮ್ಮಾ. ಆ ಬ್ಯಾನರ್ ಮೇಲೆ ನಿಜವಾಗಿ ಏನಿರಬೇಕಿತ್ತು? ಎಲ್ಲರಿಗೂ ಕೇಳೋ ಹಾಗೆ ಹೇಳು.”

ಹೇಳಿದೆ. ಗಟ್ಟಿಯಾಗಿ, ಸ್ಪಷ್ಟವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು. “ಕರ್ತನು ನಿಮ್ಮನ್ನು ಕಾಯಿಸುವನು.”

ಸೆಕ್ರೆಟರಿ ಅಂಕಲ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಏನಂದೆ?”

“ಅದೇ ಅಂಕಲ್. ಕರ್ತನು ನಿಮ್ಮನ್ನು ಕಾಯಿಸು—”

ಆಗ ನನ್ನ ಕಿವಿಗೆ ಬಿತ್ತು. ನನ್ನದೇ ಬಾಯಿ. ಯಾರೂ ಫೈಲ್ ಮುಟ್ಟಿಲ್ಲ. ಗುರುವಾರ ಫೋನಿನಲ್ಲಿ ನುಂಗಿಕೊಂಡ ಮಾತು ಬೆರಳಿನಿಂದ ಹೊರಗೆ ಬಂದಿದೆ. ಆಮೇಲೆ ಎಷ್ಟು ಸಲ ಆ ಫೈಲ್ ತೆರೆದೆ, ಎಷ್ಟು ಸಲ ಓದಿದೆ! ಕಣ್ಣು ಕೂಡ ನನಗೆ ಬೇಕಾದ್ದನ್ನೇ ಓದಿದೆ. ಕುರ್ಚಿ ಎಳೆದು ಕೂತೆ. ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಎರಡೂ ಒಟ್ಟಿಗೆ ಬಂದವು. “ನಾನೇ” ಅಂದೆ. “ಅಯ್ಯೋ, ನಾನೇ ಮಾಡಿದ್ದು.”

ಅಯ್ಯನವರು ಎದ್ದರು. “ಪ್ರೂಫ್ ನೋಡಿ ಸಹಿ ಹಾಕಿದೋನು ನಾನು. ಕೇಳೋದಿದ್ರೆ ನನ್ನನ್ನ ಕೇಳಿ.”

“ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?” ಸೆಕ್ರೆಟರಿ ಅಂಕಲ್.

“ಬಿತ್ತು. ತಪ್ಪು ಅಂತ ಅನ್ನಿಸ್ಲಿಲ್ಲ. ಈ ಹುಡುಗಿ ಏನೋ ಕೇಳ್ತಿದಾಳೆ ಅನ್ನಿಸ್ತು. ಬಾಯಲ್ಲಿ ಕೇಳೋಕಾಗದೆ ಬ್ಯಾನರಲ್ಲಿ ಕೇಳ್ತಿದಾಳೆ ಅಂತ. ಇದೇನಾ ಇರಬೇಕಾದ್ದು ಅಂದೆ, ಹೌದು ಅಂದ್ಲು. ಯೋಚನೆ ಮಾಡಿದ್ದಾ ಅಂದೆ, ತುಂಬಾ ಮಾಡಿದೀನಿ ಅಂದ್ಲು. ಕೇಳಿದ ಮೇಲೆ ಉತ್ತರ ಹೇಳ್ಬೇಕಲ್ಲ. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರಮ್ಮನ ಹತ್ರ ಹೋಗಿ ತಂದೆ.”

“ನಾನು ನೀಲಿ ಬಣ್ಣದ ಬಗ್ಗೆ ಹೇಳ್ತಿದ್ದೆ ಅಯ್ಯನವರೇ.”

“ನೀಲಿ ಬಣ್ಣಾನಾ?” ಅಂದರು. ಅಷ್ಟು ದೊಡ್ಡ ಮನುಷ್ಯ ಪೆಚ್ಚಾದದ್ದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಅವರಿಗೆ ಬಂದ ನಗು ನಿಲ್ಲಲೇ ಇಲ್ಲ. ಕಮಿಟಿಯವರಿಗೂ ಹತ್ತಿಕೊಂಡಿತು.

ಸೆಕ್ರೆಟರಿ ಅಂಕಲ್ ನಗು ನಿಲ್ಲುವವರೆಗೆ ಕಾದರು. ಆಮೇಲೆ ಸಣ್ಣ ದನಿಯಲ್ಲಿ, “ನಾನಂದ್ಕೊಂಡಿದ್ದು, ನೀನು ನನಗೇ ಬರೆದಿದ್ದು ಅಂತ. ಕಾಯಿಸ್ತಿರೋನು ನಾನು ತಾನೆ? ಮೇಲಿನ ಆಫೀಸಿಗೆ ಬರೆದಿದೀನಿ, ನನಗೂ ಉತ್ತರ ಬಂದಿಲ್ಲ. ಆ ಕ್ಲಾಸ್ ಉಳಿಯುತ್ತೋ ಮುಚ್ಚುತ್ತೋ ಗೊತ್ತಿಲ್ಲ. ಹಾಗಂತ ಹೇಳೋಕೆ ಮುಖ ಇಲ್ಲದೆ ಪ್ರಾರ್ಥನೆ ಮಾಡು ಅಂದೆ. ತಿಳಿದ ದಿನ ನಾನೇ ಫೋನ್ ಮಾಡ್ತೀನಮ್ಮಾ. ಸಿಕ್ಕಿದ್ರೂ, ಸಿಗದಿದ್ರೂ.”

ಇಡೀ ವಾರ ನಾನು ಅವರನ್ನು ಅನುಮಾನಿಸಿದೆ. ಅವರು ನನ್ನನ್ನು. ಒಬ್ಬರ ಮನೆಯ ಕಳ್ಳನನ್ನು ಇನ್ನೊಬ್ಬರ ಮನೆಯಲ್ಲಿ ಹುಡುಕಿದ ಹಾಗಾಯಿತು.

ಜೂನ್ 16, ಸೋಮವಾರ

ಟಾಪರ್ ಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. “ನಿನ್ನ ಹೆಸರು ಹೇಳೋಕೇ ಹೋಗಿದ್ದೆ ಕಣೇ. ಕ್ಷಮಿಸು.” ಆಮೇಲೆ ಆ ಮೇಲ್ ಯಾರಿಗೆ ಎಂದು ಅವಳೇ ಹೇಳಿದಳು. ಬ್ಯಾಂಕಿನ ಹೆಲ್ಪ್‌ಲೈನಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಅರ್ಜಿ. “ಗೋಲ್ಡ್ ಮೆಡಲ್ ತಗೊಂಡು ‘ದಯವಿಟ್ಟು ಲೈನಲ್ಲೇ ಇರಿ’ ಅನ್ನೋ ಕೆಲಸ. ನಿಂಗೆ ಗೊತ್ತಾದ್ರೆ ನಗ್ತೀಯ ಅಂತ ಭಯ ಆಯ್ತು.”

“ನೀನೂ ಕಾಯಿಸೋ ಕೆಲಸಕ್ಕೇ ಸೇರ್ತೀಯಾ?” ಅಂದೆ.

ನಕ್ಕಳು. ಮೊದಲಿನ ಹಾಗಲ್ಲ, ಆದರೂ ನಕ್ಕಳು. ಸರಿಹೋಗಲು ದಿನ ಬೇಕು. ತಪ್ಪು ನನ್ನದು. ಹೊರಡುವಾಗ ಅವಳೇ ನನ್ನ ಕೈ ಹಿಡಿದು ಪ್ರಾರ್ಥನೆ ಮಾಡಿದಳು. ಆ ಕೆಲಸ ನನಗೆ ಸಿಗಲಿ ಎಂದಲ್ಲ, ತನಗೆ ಸಿಗಲಿ ಎಂದೂ ಅಲ್ಲ. ಯಾರಿಗೆ ಸಿಕ್ಕರೂ ಇನ್ನೊಬ್ಬಳಿಗೆ ಹೊಟ್ಟೆ ಉರಿಯದಿರಲಿ ಎಂದು. ಆಮೆನ್ ಅಂದೆ. ಶನಿವಾರ ಅನ್ನದೆ ಉಳಿಸಿದ್ದನ್ನೂ ಸೇರಿಸಿ.

ಜೂನ್ 18, ಬುಧವಾರ

ಅಪ್ಪ ಬಂದರು! ಸೇತುವೆ ಕುಸಿದು ಬಳಸು ದಾರಿ, ಮೇಲೆ ಟೈರ್ ಒಡೆದು, ಫೋನ್ ಸತ್ತು. ಬ್ಯಾನರ್ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲ್ಲಿದೆ ಅದು? ದಪ್ಪ ಫ್ಲೆಕ್ಸಾ? ಲೋಡಿನ ಮೇಲೆ ಹೊದಿಸೋಕೆ ಒಂದು ಬೇಕಿತ್ತು.”

ಚಿಕ್ಕಪ್ಪ ಹಗ್ಗ ಕಟ್ಟಲು ಅಂಚಿಗೆ ಇನ್ನಷ್ಟು ರಿಂಗ್ ಹೊಡೆದುಕೊಟ್ಟ. ಅಮ್ಮ ಬಾಗಿಲಲ್ಲಿ ನಿಂತು, “ಇದಕ್ಕಿಂತ ಸರಿಯಾದ ಗಾಡಿ ಅದಕ್ಕೆ ಸಿಗಲ್ಲ” ಅಂದಳು. ಅಪ್ಪನಿಗೆ ತಟ್ಟಿರಬೇಕು. ಹೊರಡುವಾಗ, “ಮುಂದಿನ ಮಂಗಳವಾರ. ಈ ಸಲ ಖಂಡಿತ” ಅಂದರು.

ಜೂನ್ 24, ಮಂಗಳವಾರ. ಸಂಜೆ

ಅಪ್ಪ ಬರುವ ದಿನ. ನಂಬುವ ಹಾಗಿಲ್ಲ. ಆದರೂ ಅಮ್ಮ ಹಾಲು ಕಾಯಿಸಲು ಇಟ್ಟಿದ್ದಾಳೆ. ನಾನು ಕಿಟಕಿಯ ಹತ್ತಿರ ಕೂತಿದ್ದೇನೆ. ಅಂಗಡಿಗೆ ಅರ್ಧ ದಿನ ರಜೆ. ಯಾಕೆ ಎಂದು ಚಿಕ್ಕಪ್ಪ ಕೇಳಲಿಲ್ಲ, ಅದೇ ಒಂದು ಅನುಮಾನ.

ತಿರುವಿನಲ್ಲಿ ಏನೋ ನೀಲಿ. ಹಾರನ್. ಅವರೇ! ಲೋಡಿನ ಮೇಲೆ ನನ್ನ ಆಕಾಶ, ಧೂಳು ತಿಂದಿದೆ. ಹಗ್ಗವನ್ನು ಎಳೆದು ಕಟ್ಟಿ ನಡುವೆ ಮಡಿಕೆ ಬಿದ್ದಿದೆ, ಅಕ್ಷರಗಳು ಒಳಗೆ ಹೋಗಿವೆ. ಇಲ್ಲಿಂದ ಕಾಣುವುದು ಇಷ್ಟೇ: ಕರ್ತನು ನಿಮ್ಮನ್ನು ಕಾ... ವನು.

ಮೇಜಿನ ಮೇಲೆ ಫೋನ್ ಬೇರೆ ಹೊಡೆದುಕೊಳ್ಳುತ್ತಿದೆ. ಸೆಕ್ರೆಟರಿ ಅಂಕಲ್. ಹೌದು ಅನ್ನಲಿಕ್ಕೋ, ಇಲ್ಲ ಅನ್ನಲ... ಅಮ್ಮ ಒಳಗಿಂದ ಕೂಗುತ್ತಿದ್ದಾಳೆ, “ಎತ್ತೇ, ಪಾಪ, ಎಷ್ಟು ಹೊತ್ತು ಕಾಯಿಸ್ತೀ—